ಐದನೇ ಕುಳಿಯ ಗಂಟೆ

ನಮ್ಮ ಕಿಲ್‌ಬ್ರೇ ಗಾಲ್ಫ್ ಕ್ಲಬ್ಬಿನಲ್ಲಿ ವಾರದ ಒಂದೊಂದು ದಿನಕ್ಕೂ ಒಬ್ಬೊಬ್ಬ ಯಜಮಾನರು. ಸೋಮವಾರ ಕುರಿಗಳದ್ದು; ಅವು ಮೇಯ್ದಷ್ಟೂ ನಮಗೆ ಹುಲ್ಲು ಕತ್ತರಿಸುವ ಕೆಲಸ ಕಡಿಮೆ. ಮಂಗಳವಾರ ಹೆಂಗಸರದ್ದು. ಗುರುವಾರ ಸಂಜೆ ಸೂಪು, ಇಸ್ಪೀಟು. ಅದು ಊರಿಗೆಲ್ಲ ಸೇರಿದ್ದು. ಶನಿವಾರ ಗಂಡಸರ ಪಂದ್ಯ. ಭಾನುವಾರ ಮಾತ್ರ ಯಾರದ್ದೆಂದು ಇನ್ನೂ ತೀರ್ಮಾನವಾಗಿಲ್ಲ. ಚರ್ಚಿಗೆ ಹೋಗಿ ಬಂದವರು ಹೋಗದೆ ಆಡಿದವರನ್ನು ಕಂಡು ಮುಖ ತಿರುಗಿಸುತ್ತಾರೆ, ಆಮೇಲೆ ತಾವೂ ಕೋಲು ಹಿಡಿಯುತ್ತಾರೆ.

ಸಂಬಳದ ಆಳು ಯಾರೂ ಇಲ್ಲ. ಹುಲ್ಲಿನ ಯಂತ್ರ ಓಡಿಸುವವನು ಮೀನಿನ ಗಾಡಿಯ ಹೆಕ್ಟರ್. ಗಂಡಸರ ಕ್ಯಾಪ್ಟನ್ನೂ ಅವನೇ. ಹೆಂಗಸರ ಕ್ಯಾಪ್ಟನ್ ಮೊರಾಗ್, ಆಟದ ನಿಯಮಗಳ ಪುಸ್ತಕವನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಓಡಾಡುವವಳು. ಸೂಪಿನ ಪಾತ್ರೆ ನನ್ನದು.

ಒಂಬತ್ತು ಕುಳಿಗಳಲ್ಲಿ ಐದನೆಯದು ಕುರುಡು. ಹೊಡೆಯುವ ಜಾಗಕ್ಕೂ ಕುಳಿಗೂ ನಡುವೆ ದೊಡ್ಡದೊಂದು ಮರಳಿನ ದಿಬ್ಬ. ಬಾವುಟದ ತುದಿಯೂ ಕಾಣುವುದಿಲ್ಲ. ಮೋಡ ನೋಡಿಕೊಂಡು ಹೊಡೆಯಬೇಕು. ಆ ಕಡೆ ಆಟ ಮುಗಿಸಿ ಹೊರಟವರು ಕಂಬಕ್ಕೆ ಕಟ್ಟಿರುವ ಹಳೆಯ ಹಡಗಿನ ಗಂಟೆಯನ್ನು ಬಾರಿಸಬೇಕು. ಗಂಟೆ ಕೇಳಿದ ಮೇಲೆ ಹಿಂದಿನವರು ಹೊಡೆಯಬೇಕು. ನಾವು ಹೆಂಗಸರು ತಪ್ಪದೆ ಬಾರಿಸುತ್ತೇವೆ. ಗಂಡಸರಿಗೆ ಅಷ್ಟು ದೂರ ಹೋಗಿ ಹಗ್ಗ ಎಳೆಯುವುದಕ್ಕೆ ಸೋಮಾರಿತನ, "ಹೋಯ್!" ಎಂದು ಕೂಗಿ ಮುಂದೆ ನಡೆಯುತ್ತಾರೆ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕ್ಲಬ್ಬಿನ ಗೋಡೆಯ ಮೇಲೆ ಒಂದು ಕಪ್ಪು ಹಲಗೆಯಿದೆ. ಒಂದೇ ಏಟಿಗೆ ಚೆಂಡನ್ನು ಕುಳಿಗೆ ಸೇರಿಸಿದವರ ಹೆಸರು ಅಲ್ಲಿ ಚಿನ್ನದ ಬಣ್ಣದಲ್ಲಿ ಏರುತ್ತದೆ. ಅದರ ಕೆಳಗಿನ ಗಾಜಿನ ಬೀರುವಿನಲ್ಲಿ ಆ ಚೆಂಡುಗಳು, ಒಂದೊಂದಕ್ಕೂ ಚೀಟಿ ಅಂಟಿಸಿ. ಡೂಗಲ್‌ನ ಹೆಸರು ಮೂರು ಸಲ ಇದೆ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಇದ್ದಷ್ಟು ದಿನ ಪ್ರತಿ ಮಂಗಳವಾರ ಚಹಾ ಕುಡಿಯುತ್ತಾ ಹೆಂಡತಿ ಎಫಿಯನ್ನು ಕೇಳುತ್ತಿದ್ದ, "ಏನೇ, ಇವತ್ತಾದ್ರೂ ಬಿತ್ತಾ?" ಪಾಪ, ಅವಳದ್ದು ಒಂದು ಸಲವೂ ಬಿದ್ದಿರಲಿಲ್ಲ.

ಈ ಬೇಸಿಗೆಯಲ್ಲಿ ಬಿತ್ತು. ಐದನೇ ಕುಳಿಯಲ್ಲಿ. ಎಫಿ, ಮೊರಾಗ್ ಮತ್ತು ಅಂಚೆಯ ರೋನಾ ದಿಬ್ಬ ಹತ್ತಿ ಇಳಿದರು, ಎಫಿಯ ಚೆಂಡು ಎಲ್ಲಿ ಹುಡುಕಿದರೂ ಇಲ್ಲ. ಕೊನೆಗೆ ಕುಳಿಯೊಳಗೆ ಬಗ್ಗಿ ನೋಡಿದರೆ ಅಲ್ಲೇ ಕೂತಿದೆ! ಅವತ್ತು ಎಂಬತ್ತರ ಹತ್ತಿರದ ಎಫಿ ಕೇಕೆ ಹಾಕಿ ಕುಣಿದದ್ದನ್ನು ನಾನು ಆರನೇ ಕುಳಿಯ ಹತ್ತಿರದಿಂದಲೇ ಕೇಳಿದೆ. ಪದ್ಧತಿಯಂತೆ ಕ್ಲಬ್ಬಿನಲ್ಲಿದ್ದವರಿಗೆಲ್ಲ ವಿಸ್ಕಿ ಕುಡಿಸಿದಳು. ಚೆಂಡು ಅವತ್ತೇ ಬೀರು ಸೇರಿತು, ಹಲಗೆ ಬರೆಯುವವನಿಗೆ ಹೇಳಿ ಕಳಿಸಿದ್ದಾಯಿತು.

ಮರುವಾರ ಅದೇ ಕುಳಿಯಲ್ಲಿ ರೋನಾಳದ್ದು ಬಿತ್ತು. ಅದರ ಮರುವಾರ ಮೊರಾಗ್‌ಳದ್ದು. ಆಗ ಊರು ನಗಲು ಶುರುಮಾಡಿತು. ಯಾಕೆಂದರೆ ಮೊರಾಗ್ ನಿಯಮ ಬಲ್ಲಷ್ಟು ಆಟ ಬಲ್ಲವಳಲ್ಲ.

"ಮೊರಾಗ್, ನಿನ್ನ ಚೆಂಡು ದಿಬ್ಬ ದಾಟಿದ್ದೇ ದೊಡ್ಡ ಸುದ್ದಿ ಕಣಮ್ಮ," ಎಂದ ಹೆಕ್ಟರ್, ಗುರುವಾರ ಸೂಪಿಗೆ ಬ್ರೆಡ್ಡು ಅದ್ದುತ್ತಾ. "ಕುಳಿಗೂ ನಡ್ಕೊಂಡ್ ಹೋಯ್ತಾ?"

"ನಾನು ಹೊಡೆದೆ, ಅದು ಬಿತ್ತು. ಇಬ್ಬರು ಸಾಕ್ಷಿ ಇದ್ದಾರೆ."

"ಸಾಕ್ಷಿಗಳು ನೋಡಿದ್ದು ಮೋಡಾನ. ಮೂರು ವಾರ, ಮೂರು ಹೆಂಗಸ್ರು, ಒಂದೇ ಕುಳಿ. ನಮ್ ಗಂಡಸ್ರಿಗೆ ಒಂದೂ ಇಲ್ಲ. ಕುಳಿಗೆ ಸೀರಿಯಸ್ಸಾಗಿ ನಿಮ್ ಮೇಲೆ ಪ್ರೀತಿ ಹುಟ್ಟಿದೆ ಅಂತ ಕಾಣುತ್ತೆ."

ಎಲ್ಲರೂ ನಕ್ಕರು. ಎಫಿ ನಗಲಿಲ್ಲ. ಇದರ ತಲೆಬುಡ ಗೊತ್ತಾಗುವವರೆಗೆ ಹಲಗೆಯ ಮೇಲೆ ಯಾರ ಹೆಸರೂ ಬೇಡ ಎಂದು ಹೆಕ್ಟರ್ ಹೇಳಿದಾಗ, ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಹೆಸರು ಹೋಗ್ಲಿ ಕಣೇ," ಎಂದಳು. "ನಂದು ನಿಜವಾಗ್ಲೂ ಬಿದ್ದಿತ್ತಾ ಇಲ್ವಾ? ಅಷ್ಟು ತಿಳೀದೆ ನಂಗೆ ನಿದ್ದೆ ಬರಲ್ಲ."

ನನಗೂ ಕುತೂಹಲ ತಡೆಯಲಾಗಲಿಲ್ಲ. ಮಂಗಳವಾರ ನಾವು ಆರು ಹೆಂಗಸರು ಎರಡು ಗುಂಪಾಗಿ ಆಡುತ್ತೇವೆ. ನನ್ನದು ಮೊದಲ ಗುಂಪು, ಎಫಿಯದು ಎರಡನೆಯದು. ಮುಂದಿನ ಮಂಗಳವಾರ ಐದನೇ ಕುಳಿ ಮುಗಿಸಿ ಎಂದಿನಂತೆ ನಾನೇ ಗಂಟೆ ಬಾರಿಸಿದೆ. ಜೊತೆಯವರನ್ನು ಮುಂದೆ ಕಳಿಸಿ, ಸೊಂಟನೋವಿನ ನೆಪ ಹೇಳಿ, ಕಲ್ಲುಗೋಡೆಯ ಮಗ್ಗುಲಲ್ಲಿ ಚಹಾದ ಫ್ಲಾಸ್ಕು ಇಟ್ಟುಕೊಂಡು ಕೂತೆ.

ಗಂಟೆಯ ಸದ್ದು ಇನ್ನೂ ಗಾಳಿಯಲ್ಲಿತ್ತು. ಗೋಡೆಯ ಆ ಕಡೆಯಿಂದ ಕುರಿ ಕಾಯುವ ಜಾತಿಯ ಒಂದು ಕಪ್ಪು ಬಿಳುಪಿನ ನಾಯಿ ಹಾರಿ ಬಂತು. ಆಚೆ ಮನೆಗೆ ಈ ವಸಂತದಲ್ಲಿ ಬಂದ ಫರ್ಗಸ್‌ನ ನಾಯಿ, ನೆಲ್. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಚಿನಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿ, ಕಿವಿ ನೆಟ್ಟಗೆ ಮಾಡಿ ದಿಬ್ಬವನ್ನೇ ನೋಡತೊಡಗಿತು. ಒಂದು ಚೆಂಡು ದಿಬ್ಬದ ಮೇಲಿಂದ ಬಂದು ಬಿತ್ತು, ಉರುಳಿತು. ನಾಯಿ ಅಲುಗಲಿಲ್ಲ. ಇನ್ನೊಂದು ಬಂತು. ಮೂರನೆಯದೂ ಬಂದು ನಿಂತ ಮೇಲೆ ಎದ್ದು, ತನಗೆ ಹತ್ತಿರವಿದ್ದದ್ದನ್ನು ಬಾಯಲ್ಲಿ ಎತ್ತಿಕೊಂಡು, ಅಂಚೆಪೆಟ್ಟಿಗೆಗೆ ಕಾಗದ ಹಾಕುವಷ್ಟು ಜೋಪಾನವಾಗಿ ಕುಳಿಯೊಳಗೆ ಬಿಟ್ಟಿತು. ಆಮೇಲೆ ಸುತ್ತ ನೋಡಿ, ನನ್ನನ್ನು ಕಂಡು, ಎದುರಿಗೆ ಬಂದು ಕೂತಿತು. ಬಿಸ್ಕತ್ತು ಕೊಡು ಎಂದು ಅದರ ಕಣ್ಣು ಹೇಳುತ್ತಿತ್ತು. ನಾನು ಕೊಟ್ಟೆ. ಕೊಡದೆ ಇರಲು ಆಗಲಿಲ್ಲ.

ಮೂವರು ಹೆಂಗಸರು ದಿಬ್ಬದ ಮೇಲೆ ತಲೆ ತೋರಿಸುವ ಹೊತ್ತಿಗೆ ನೆಲ್ ಗೋಡೆ ಹಾರಿಯಾಗಿತ್ತು. ಕಂಡದ್ದನ್ನು ಹೇಳಿದೆ. ಮೊರಾಗ್ ಪುಸ್ತಕ ತೆಗೆದಳು, ಎಫಿ ನೇರವಾಗಿ ಗೋಡೆಯ ಹತ್ತಿರ ಹೋದಳು.

ಆ ಕಡೆ ಫರ್ಗಸ್ ಆಲೂಗಡ್ಡೆ ಅಗೆಯುತ್ತಿದ್ದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಮಾತು ಕಡಿಮೆ.

"ನಿನ್ ನಾಯಿಗೆ ಈ ವಿದ್ಯೆ ಯಾರಪ್ಪಾ ಕಲಿಸಿದ್ದು?" ಎಂದಳು ಎಫಿ.

"ನಾನೇ. ಅವಳಿಗೆ ಕಾಯೋಕೆ ನಮ್ದು ಅಂತ ಕುರಿ ಇಲ್ವಲ್ಲ, ಬೇಜಾರು. ಗಂಟೆ ಹೊಡೀತೀನಿ, ಚೆಂಡು ತಂದು ಹೂಕುಂಡಕ್ಕೆ ಹಾಕ್ತಾಳೆ, ಒಂದು ಬಿಸ್ಕತ್ತು ಕೊಡ್ತೀನಿ. ಯಾಕೆ, ಏನಾಯ್ತು?"

"ಏನಾಯ್ತಾ! ಊರಿಗೆಲ್ಲ ಮೂರು ಸಲ ವಿಸ್ಕಿ ಕುಡಿಸಿದ್ದಾಳೆ ನಿನ್ ನೆಲ್, ಅಷ್ಟೇ."

ಅಲ್ಲಿಗೆ ಶನಿವಾರದ ಗುಟ್ಟೂ ಬಯಲಾಯಿತು. ಗಂಡಸರು ಗಂಟೆ ಮುಟ್ಟುತ್ತಿರಲಿಲ್ಲ, ನೆಲ್ ಬರುತ್ತಿರಲಿಲ್ಲ.

ಆದರೆ ಎಫಿಯ ಪ್ರಶ್ನೆ ಹಾಗೇ ಉಳಿಯಿತು. ಮೊದಲ ವಾರವೂ ನೆಲ್ ಬಂದಿತ್ತೇ? ಫರ್ಗಸ್‌ಗೆ ನೆನಪಿಲ್ಲ. ಮೊರಾಗ್ ತನ್ನ ಚೆಂಡನ್ನು ಚೀಲದಿಂದ ತೆಗೆದು ಬೆಳಕಿಗೆ ಹಿಡಿದಳು. ಒಂದು ಮಗ್ಗುಲಲ್ಲಿ ಜೊತೆಜೊತೆಯಾಗಿ ಎರಡು ಗೀರು, ಅದರ ಎದುರು ಮಗ್ಗುಲಲ್ಲಿ ಒಂದು. ಹಲ್ಲಿನ ಗುರುತು. ರೋನಾಳ ಚೆಂಡಿನ ಮೇಲೂ ಹಾಗೇ.

"ಗುರುವಾರ ಬೀರು ತೆಗೀರಿ," ಎಂದಳು ಎಫಿ. "ಎಲ್ರೂ ಇರೋವಾಗ."

ಗುರುವಾರ ಸೂಪು ಆರಿಹೋಯಿತು, ಯಾರೂ ಬಟ್ಟಲಿಗೆ ಕೈ ಹಾಕಲಿಲ್ಲ. ಮೊರಾಗ್ ಬೀಗ ತೆಗೆದು ಎಫಿಯ ಚೆಂಡನ್ನು ಅವಳ ಅಂಗೈಯಲ್ಲಿಟ್ಟಳು. ಎಫಿ ಕನ್ನಡಕ ಏರಿಸಿಕೊಂಡು ನಿಧಾನವಾಗಿ ತಿರುಗಿಸಿದಳು. ತಿರುಗಿಸುತ್ತಿದ್ದ ಬೆರಳು ನಿಂತಿತು.

"ಇದೆ," ಎಂದಳು. "ಎರಡು ಇಲ್ಲಿ, ಒಂದು ಅಲ್ಲಿ."

ಮೊರಾಗ್ ಗಂಟಲು ಸರಿಮಾಡಿಕೊಂಡಳು. "ಎಫಿ, ನಿಯಮದ ಪ್ರಕಾರ, ನಿನಗೆ ಗೊತ್ತಿರಲಿಲ್ಲ, ಪಂದ್ಯವೂ ಮುಗಿದಿದೆ. ಫಲಿತಾಂಶ ಬದಲಾಗೋದಿಲ್ಲ. ಹೆಸರು ಬರೆಸಬಹುದು."

"ನಾಯಿ ಆಡಿದ ಆಟಕ್ಕೆ ನನ್ನ ಹೆಸರಾ? ಬೇಡಮ್ಮ." ಅವಳ ದನಿ ಸಣ್ಣದಾಗಿತ್ತು. ಬೀರುವಿನ ಕಡೆ ತಿರುಗಿದಳು. "ಹೋಗ್ಲಿ, ಬಾಗ್ಲು ತೆಗೆದಾಯ್ತಲ್ಲ, ನಮ್ಮೆಜಮಾನ್ರದ್ದಾದ್ರೂ ಒಂದ್ಸಲ ಕೈಯಲ್ಲಿ ಹಿಡೀತೀನಿ. ಇದ್ದಾಗ ಮುಟ್ಟೋಕೂ ಬಿಡ್ತಿರ್ಲಿಲ್ಲ."

ಮೊದಲನೆಯದನ್ನು ಒರೆಸಿ ಇಟ್ಟಳು. ಎರಡನೆಯದನ್ನೂ. ಮೂರನೆಯದನ್ನು ಒರೆಸುವಾಗ ಹೆಬ್ಬೆರಳು ಒಂದು ಕಡೆ ಸಿಕ್ಕಿಕೊಂಡಿತು. ಆ ಕಾಲದ ಚೆಂಡಿನ ಸಿಪ್ಪೆ ಮೆತ್ತಗೆ; ಗುರುತು ಗೀರಿನ ಹಾಗಲ್ಲ, ಗುಳಿಯ ಹಾಗೇ ಕೂತಿತ್ತು. ಸಣ್ಣ ಬಾಯಿಯ, ಚೂಪು ಹಲ್ಲಿನ ಗುರುತು. ಚೀಟಿಯ ಮೇಲೆ ಡೂಗಲ್‌ನದೇ ಅಕ್ಷರ: ಐದನೇ ಕುಳಿ.

ಎಫಿ ಅದನ್ನು ನನಗೆ ಕೊಟ್ಟಳು. ನಾನು ಹೆಕ್ಟರ್‌ಗೆ ಕೊಟ್ಟೆ. ಹೆಕ್ಟರ್ ನೋಡಿದ, ಮತ್ತೆ ನೋಡಿದ.

"ಪಿಪ್," ಎಂದ ಮೆಲ್ಲಗೆ.

ಪಿಪ್ ಡೂಗಲ್‌ನ ಪುಟ್ಟ ಟೆರಿಯರ್. ಶನಿವಾರಗಳಲ್ಲಿ ಯಜಮಾನನಿಗಿಂತ ಮುಂಚೆ ದಿಬ್ಬ ಹತ್ತಿ ಓಡುತ್ತಿದ್ದದ್ದು ಊರಿಗೇ ಗೊತ್ತು. ಯಾರೂ ಆ ನಾಯಿಯನ್ನೂ ಆ ಚೆಂಡನ್ನೂ ಕೂಡಿಸಿ ಯೋಚಿಸಿರಲಿಲ್ಲ.

ಎಫಿ ಕುರ್ಚಿಗೆ ಕುಸಿದಳು. ಅಳುತ್ತಿದ್ದಾಳೆ ಎಂದು ನಾನು ಓಡಿದೆ. ಅಳುತ್ತಿರಲಿಲ್ಲ. ನಕ್ಕು ನಕ್ಕು ಉಸಿರು ಕಟ್ಟಿತ್ತು.

"ಅಯ್ಯೋ ಡೂಗಲ್! ಪ್ರತಿ ಮಂಗಳವಾರ! 'ಇವತ್ತಾದ್ರೂ ಬಿತ್ತಾ' ಅಂತೆ! ಆ ಪಿಪ್ಪು ಒಲೆ ಮುಂದೆ ಮಲಗಿ ಎಲ್ಲಾ ಕೇಳಿಸ್ಕೊಂಡು ಸುಮ್ನೆ ಇತ್ತಲ್ಲ!"

"ಅವತ್ತು ಅವನು ಕುಡಿಸಿದ ವಿಸ್ಕಿ ನಾನೂ ಕುಡಿದಿದ್ದೀನಿ," ಎಂದ ಹೆಕ್ಟರ್, ಪೆಚ್ಚು ಮುಖ ಮಾಡಿಕೊಂಡು. "ಈಗ ಹಲಗೆ ಮೇಲಿಂದ ಒಂದು ಹೆಸರು ಕೆರೀಬೇಕಾ ಎಫಿ? ನೀನು ಹೇಳು."

ಎಫಿ ಕಣ್ಣೊರೆಸಿಕೊಂಡಳು. "ಕೆರೀಬೇಡ. ಪಾಪ, ಅವನಿಗೂ ಗೊತ್ತಿರ್ಲಿಲ್ಲ. ನಂಬಿಕೊಂಡೇ ಹೋದ. ನನ್ನ ಹೆಸರು ಬರೀಬೇಡಿ, ನಂಗೆ ಗೊತ್ತಾಗಿಬಿಟ್ಟಿದೆ. ಆದ್ರೆ ಈ ಎರಡು ಚೆಂಡನ್ನ ಬೀರುವಿನಲ್ಲಿ ಪಕ್ಕಪಕ್ಕ ಇಡಿ. ಹಲ್ಲಿನ ಗುರುತು ಮುಂದಕ್ಕೆ ಕಾಣಬೇಕು."

ಹಾಗೇ ಇಟ್ಟೆವು. ನಾನು ಸೂಪನ್ನು ಮತ್ತೆ ಬಿಸಿಮಾಡಿದೆ.

ಮುಂದಿನ ಮಂಗಳವಾರ ಫರ್ಗಸ್ ನೆಲ್‌ಳನ್ನು ಹಗ್ಗದಲ್ಲಿ ಹಿಡಿದು ಗೋಡೆಯ ಮೇಲೆ ಕೂತಿದ್ದ. ಚೆಂಡು ಎಲ್ಲಿ ಬಿತ್ತೆಂದು ಕೂಗಿ ಹೇಳುವ ಕೆಲಸಕ್ಕೆ ಮೊರಾಗ್ ಅವನನ್ನು ನೇಮಿಸಿದ್ದಳು. ನಾನೂ ಅಲ್ಲೇ ಉಳಿದೆ. ಗಂಟೆಯಾದ ಮೇಲೆ ಬಂದ ಎಫಿಯ ಚೆಂಡು ಎತ್ತರದಿಂದ ಇಳಿದು, ಪುಟಿದು, ಬಾವುಟದ ಕಡೆಗೇ ಉರುಳಿತು. ನಾನು ಎದ್ದು ನಿಂತೆ. ಕುಳಿಗೆ ಒಂದು ಗೇಣು ಇರುವಾಗ ನಿಂತುಬಿಟ್ಟಿತು.

ಎಫಿ ಎಲ್ಲರಿಗಿಂತ ಮುಂಚೆ ದಿಬ್ಬದ ಮೇಲೆ ಕಾಣಿಸಿಕೊಂಡಳು. ನೆಲ್ ಹಗ್ಗ ಎಳೆಯುತ್ತಾ ಕುಂಯ್‌ಗುಟ್ಟಿತು. ಫರ್ಗಸ್ ಅತ್ತ ಇತ್ತ ನೋಡಿ ದನಿ ತಗ್ಗಿಸಿ ಕೇಳಿದ, "ಬಿಡ್ಲಾ?"

"ಬಿಟ್ಟು ನೋಡು!" ಎಂದಳು ಎಫಿ, ಕೋಲು ಎತ್ತಿ.

ಮೆಲ್ಲಗೆ ತಟ್ಟಿ ಚೆಂಡನ್ನು ಕುಳಿಗೆ ಹಾಕಿದಳು. ತಾನೇ ಬಗ್ಗಿ ತೆಗೆದು, ಬೆರಳಾಡಿಸಿ ನೋಡಿದಳು, ನುಣ್ಣಗಿತ್ತು. ಆಮೇಲೆ ಕಂಬದ ಹತ್ತಿರ ಹೋಗಿ, ಹಿಂದೆ ಯಾವ ಗುಂಪೂ ಇಲ್ಲದಿದ್ದರೂ, ಹಗ್ಗ ಹಿಡಿದು ಜೋರಾಗಿ ಗಂಟೆ ಬಾರಿಸಿದಳು.