ತೂಕವಿಲ್ಲದ ಮುದುಕಿ

ಗೋಡೆಯ ಆ ಕಡೆ ಭಾವನ ರೆಸಿನ್ ಪ್ಲಾಸ್ಟಿಕ್, ಈ ಕಡೆ ಇವನ ಲೋಹ. ಎರಡೂ ಕಡೆ ಹುಟ್ಟೋದು ಒಂದೇ ಸಂತಾನ: ಮೇಜಿನ ಮೇಲೆ ಯುದ್ಧದಾಟ ಆಡುವವರಿಗೆ ಬೇಕಾದ ಹೆಬ್ಬೆರಳುದ್ದದ ಸೈನಿಕರು, ಕುದುರೆಗಳು, ರಾಕ್ಷಸರು. ಅಕ್ಕ ಇದ್ದಾಗ ನಡುವಿನ ಬಾಗಿಲು ಹಗಲೆಲ್ಲ ಹಾರುಹೊಡೆದಿರುತ್ತಿತ್ತು. ಮೂಲ ಬೊಂಬೆಗಳನ್ನು ಕೈಯಾರೆ ತಿದ್ದುವವಳು ಅವಳೇ. ಅದರಿಂದ ಅಚ್ಚು ತೆಗೆದು ಎರಕ ಹೊಯ್ಯೋದಷ್ಟೇ ಗಂಡನ ಕೆಲಸ, ತಮ್ಮನ ಕೆಲಸ.

ಅವಳು ಸಾಯುವ ಮುಂಚೆ ಕೊನೆಯದಾಗಿ ಮಾಡಿದ್ದು ಲಾಂದ್ರ ಹಿಡಿದ ಮುದುಕಿ. ದಂಡಿನ ಮುಂದೆ ದಾರಿ ತೋರಿಸುತ್ತ ನಡೆಯುವವಳು. ಆ ಮುದುಕಿಯ ವಿಷಯಕ್ಕೇ ಇಬ್ಬರಿಗೂ ಜಗಳ ಹತ್ತಿಕೊಂಡಿತು.

“ಇದು ರೆಸಿನ್‌ಗೇ ಸರಿ ಕಣೋ ಸೀಸಪ್ಪ,” ಅಂದಿದ್ದ ಭಾವ. “ಲಾಂದ್ರದ ಹಿಡಿ ನೋಡು, ಕೂದಲಷ್ಟು ಸಣ್ಣ. ನಿನ್ನ ಲೋಹ ಅಲ್ಲಿಗೆ ತಲುಪೋದ್ರೊಳಗೆ ಗಟ್ಟಿಯಾಗುತ್ತೆ. ಮುದುಕಿ ಮೊಂಡುಗೈ ಆಗ್ತಾಳೆ.”

“ನಿಮ್ಮ ಮುದುಕಿ ಮೇಜಿಂದ ಬಿದ್ರೆ ಪೊರಕೆ ತರಬೇಕು. ಪಕ್ಕದಲ್ಲಿ ಯಾರಾದ್ರೂ ಸೀನಿದ್ರೂ ಮಲಗಿಬಿಡ್ತಾಳೆ. ಕೈಯಲ್ಲಿಟ್ರೆ ಏನೂ ಇಟ್ಟ ಹಾಗೇ ಇರಲ್ಲ.”

“ತೂಕಾನೇ ಬೇಕಿದ್ರೆ ಒಂದು ಕಲ್ಲು ಇಟ್ಕೊಂಡು ಆಡು.”

ಇವನಿಗೆ ಪಿತ್ತ ನೆತ್ತಿಗೇರಿತು. ಜಗತ್ತಿನಲ್ಲಿ ಕಂಡದ್ದೆಲ್ಲ ಹಗುರವಾಗುತ್ತ ಬಂದಿದೆ, ಈಗ ಅಕ್ಕನೂ ಹಗುರವಾಗಬೇಕೆ? ಬಾಯಿಗೆ ಬಂದದ್ದನ್ನೆಲ್ಲ ಅಂದ. ಕೆಲವು ದಿನ ಕಳೆದು ಭಾವ ಮುದುಕಿಯನ್ನು ತಂದು ಇವನ ಮೇಜಿನ ಮೇಲಿಟ್ಟ.

“ನಿನ್ನಕ್ಕ ಮಾಡಿದ್ದು, ನೀನೇ ಇಟ್ಕೋ. ಅಚ್ಚಿಗೆ ಹಾಕೋ ಮುಂಚೆ ನನ್ನ ಹತ್ರ ಒಂದು ಮಾತು ಕೇಳು.”

ಕೇಳಬೇಕಂತೆ. ಇವನು ಬಾಗಿಲಿಗೆ ತವರದ ಗಟ್ಟಿಗಳ ಪೆಟ್ಟಿಗೆ ಅಡ್ಡ ಎಳೆದ.

ಅವತ್ತಿಂದ ಮಾತಿಲ್ಲ ಕತೆಯಿಲ್ಲ. ಒಲೆಯ ಮೇಲೆ ಕರಗುವ ಲೋಹವೇ ಜೊತೆ. ಒಂದು ಮಧ್ಯಾಹ್ನ ಧೈರ್ಯ ಬಂತು. ಎರಡು ರಬ್ಬರ್ ಬಿಲ್ಲೆಗಳ ನಡುವೆ ಮುದುಕಿಯನ್ನು ಮಲಗಿಸಿ ಬಿಸಿ ಪ್ರೆಸ್ಸಿಗೆ ಕೊಟ್ಟು ಬಿಗಿದ. ಆ ಕಾವಿಗೆ ರಬ್ಬರ್ ಬೆಂದು ಅಚ್ಚಾಗುತ್ತದೆ. ಅಕ್ಕ ಬೊಂಬೆ ತಿದ್ದಲು ಬಳಸುತ್ತಿದ್ದ, ಒಣಗಿ ಕಲ್ಲಾಗುವ ಪುಟ್ಟಿ ಹಿಟ್ಟಿಗೆ ಅದೇನೂ ಲೆಕ್ಕಕ್ಕಿಲ್ಲ. ಅವಳ ಎಷ್ಟೋ ಬೊಂಬೆಗಳು ಅದರೊಳಗೆ ಹೋಗಿ ಇದ್ದ ಹಾಗೇ ಹೊರಬಂದಿವೆ.

ಬಿಲ್ಲೆ ಬಿಡಿಸಿದಾಗ ಒಳಗೆ ಮುದುಕಿ ಇರಲಿಲ್ಲ. ಬೂದುಬಣ್ಣದ ಒಂದು ಚಪ್ಪಟೆ ಸಿಪ್ಪೆ, ಸುತ್ತ ಎಣ್ಣೆಯಂತೆ ಹರಡಿದ ಹಳದಿ ಮೇಣ.

ಮೇಲೆ ಬಣ್ಣ ಹೊಡೆದಿದ್ದರಿಂದ ಗೊತ್ತಾಗಿರಲಿಲ್ಲ. ಒಂದು ಸಲ ಅಡಿಮೇಲು ಮಾಡಿ ಬಣ್ಣ ತಾಗದ ತಳ ನೋಡಿದ್ದರೆ ಸಾಕಿತ್ತು.

ಪೆಟ್ಟಿಗೆ ಸರಿಸಿ ಆ ಕಡೆ ಹೋದ. ಭಾವ ತಲೆಯೆತ್ತಿ ಇವನ ಕೈಯಲ್ಲಿದ್ದ ರಬ್ಬರ್ ನೋಡಿದ. ಕೇಳಬೇಕಾದ್ದೇನೂ ಉಳಿದಿರಲಿಲ್ಲ.

“ಕೊನೆಕೊನೆಗೆ ಪುಟ್ಟಿ ಒತ್ತೋಕೆ ಅವಳ ಬೆರಳಲ್ಲಿ ಶಕ್ತಿ ಇರಲಿಲ್ಲ. ಮೇಣದಲ್ಲಿ ಮಾಡಿದ್ಲು. ನಿಂಗೆ ಹೇಳ್ಬೇಡಿ ಅಂದಿದ್ಲು, ಅಳ್ತಾನೆ ಅಂತ.”

“ನಾನ್ಯಾಕೆ ಅಳ್ಲಿ?”

“ಅದೇ ನೋಡು,” ಅಂದ ಭಾವ. ಡ್ರಾ ಎಳೆದು ಬಟ್ಟೆಯ ಗಂಟೊಂದನ್ನು ತೆಗೆದ. “ನಿಂಗೆ ಕೊಡೋ ಮುಂಚೆ ಸಿಲಿಕೋನ್ ಸುರಿದು ಅಚ್ಚು ತಗೊಂಡಿದ್ದೆ. ಅದಕ್ಕೆ ಕಾವು ಬೇಡವಲ್ಲ. ಎರಡು ಎರಕ ಹೊಯ್ದು ಅಚ್ಚು ಕತ್ತರಿಸಿ ಬಿಸಾಕಿದೆ. ಇದು ನಿಂದು. ಇನ್ನೊಂದು ನನ್ನ ಹತ್ರ ಇದೆ.”

ಲಾಂದ್ರದ ಹಿಡಿ ಪೂರ್ತಿ ಬಂದಿತ್ತು. ಮುದುಕಿಯ ಉಗುರು ಸಹ. ಅಂಗೈ ಮೇಲೆ ಇಟ್ಟುಕೊಂಡರೆ ಏನೂ ಇಟ್ಟ ಹಾಗಿರಲಿಲ್ಲ. ಭಾವ ಆಗಲೇ ಬೆನ್ನು ತಿರುಗಿಸಿ ರೆಸಿನ್ ಕಲಸುತ್ತಿದ್ದ.

ತನ್ನ ಕೋಣೆಗೆ ಬಂದು ಮೇಜಿನ ಮೇಲೆ ನಿಲ್ಲಿಸಿದ. ಫ್ಯಾನಿನ ಗಾಳಿಗೆ ಮುದುಕಿ ಬಿದ್ದಳು. ಎತ್ತಿ ನಿಲ್ಲಿಸಿದ, ಮತ್ತೆ ಬಿದ್ದಳು. ತನ್ನ ಮಾತು ನಿಜವಾಯಿತೆಂದು ಖುಷಿಪಡಬೇಕಿತ್ತು. ಚೂರು ಲೋಹ ಕರಗಿಸಿ ಸಣ್ಣದೊಂದು ಬಿಲ್ಲೆ ಹೊಯ್ದ, ಆರಿಸಿದ. ಅಡಿಗೆ ಅಂಟಿಸಿಬಿಟ್ಟರೆ ಬಿರುಗಾಳಿಗೂ ಜಗ್ಗುವುದಿಲ್ಲ. ಅಂಟು ಹಚ್ಚಲು ಮುದುಕಿಯನ್ನು ತಿರುಗಿಸಿ ಹಿಡಿದ.

ಅಡಿಯಲ್ಲಿ ಅಕ್ಕನ ಹೆಬ್ಬೆರಳ ಗುರುತಿತ್ತು. ತಳದ ಮೇಣವನ್ನು ಒತ್ತಿ ಸಮ ಮಾಡುವಾಗ ಮೂಡಿದ್ದು. ಒಂದೊಂದು ಗೆರೆಯೂ, ನಡುವೆ ಹಾದುಹೋದ ಹಳೆಯ ಕತ್ತಿಗಾಯದ ಕಲೆಯೂ. ಲೋಹದಲ್ಲಿ ಇಷ್ಟು ಬರುತ್ತಿರಲಿಲ್ಲ. ಇವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ಅಂಟಿನ ಮುಚ್ಚಳ ಹಾಕಿದ. ಬಿಲ್ಲೆಯನ್ನು ಮತ್ತೆ ಲೋಹದ ಪಾತ್ರೆಗೆ ಎಸೆದ. ಎದ್ದು ಹೋಗಿ ಫ್ಯಾನ್ ಆರಿಸಿದ.

ಒಲೆಯ ಕಾವಿಗೆ ಬೆವರು ಧಾರಾಕಾರ ಇಳಿಯತೊಡಗಿತು. ಮುದುಕಿ ನಿಂತಳು. ಮೂಗಿನಿಂದ ಹೊರಬೀಳುವ ಉಸಿರನ್ನೂ ಪಕ್ಕಕ್ಕೆ ತಿರುಗಿಸಿ ಬಿಡುತ್ತ ಅವಳೆದುರು ಕೂತ. ಆಗ ಕಿವಿಗೆ ಬಿತ್ತು, ಅಥವಾ ಬೀಳಲಿಲ್ಲ: ಗೋಡೆಯ ಆ ಕಡೆಯಿಂದಲೂ ಫ್ಯಾನಿನ ಸದ್ದಿರಲಿಲ್ಲ.