ಚೊಗರಿನ ಹೆಬ್ಬೆಟ್ಟು

"ಸೂಜಿ ಹಿಡಿದ ಕೂಡ್ಲೆ ನಿನ್ ಕೈ ನಾತ ಹೋಗ್ತದೇನೆ? ಮೊದ್ಲು ಮುಂದಿರೋ ಕಾಯಿ ಸುಲಿ," ಎಂದರು ಒಡೆಯರು ಮಂಜುನಾಥಪ್ಪ, ಜಗಲಿಯ ಕುರ್ಚಿಯಿಂದಲೇ.

ಅಂಗಳದಲ್ಲಿ ಅವ್ವನ ಜೊತೆ, ಕೇರಿಯ ಹೆಂಗಸರ ನಡುವೆ ಕೂತು ದೀಪಶ್ರೀ ಸುಲಿಯುತ್ತಲೇ ಇದ್ದಳು. ಮೆಟ್ಟುಗತ್ತಿಯ ಅಲಗಿಗೆ ಕಾಯಿ ಒತ್ತಿ ತಿರುವಿದರೆ ಸಿಪ್ಪೆ ಅತ್ತ, ಅಡಿಕೆ ಇತ್ತ. ನೀಟ್ ಪರೀಕ್ಷೆ ಬರೆದದ್ದೂ ಇದೇ ಕೈ. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನಾಳೆ ನಾಲ್ಕು ಗಂಟೆಯೊಳಗೆ ಆದಾಯ ಪ್ರಮಾಣಪತ್ರ ಕೊಡದಿದ್ದರೆ ಅದು ಇನ್ನೊಬ್ಬರ ಪಾಲು.

ಅದಕ್ಕೆ ಮೊದಲು ಮಹಜರು ಆಗಬೇಕು. ಮನೆಯವರು ಬಡವರೆಂದು ಸಾಕ್ಷಿಗಳು ಸಹಿ ಹಾಕಬೇಕು. ಗ್ರಾಮ ಲೆಕ್ಕಿಗ ಕಾಂತರಾಜ್ ಕೂಲಿಯವರ ಮಹಜರನ್ನು ಅವರ ಮನೆಗೆ ಹೋಗಿ ಮಾಡಿದವನೇ ಅಲ್ಲ. ಈ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಒಡೆಯರದೂ ಅವರ ತಮ್ಮನದೂ ಸಹಿ ಹಾಕಿಸಿಕೊಂಡು ಹೋಗುವುದು ವಾಡಿಕೆ. ಇವತ್ತೂ ಹಾಗೆಯೇ ಬಂದು ಕೂತಿದ್ದ.

"ಬಡವ್ರಂತೆ. ಮನೇಲಿ ಟಿವಿ ಇದೆ, ಹುಡ್ಗಿ ಕೈಲಿ ಫೋನಿದೆ. ಸುಳ್ಳಿಗೆ ಸೈ ಹಾಕ್ಲಾ ನಾನು? ಸುಲಿಯೋದು ಮುಗೀಲಿ, ಸಂಕ್ರಾಂತಿ ಕಳೀಲಿ, ನೋಡಾಣ," ಎಂದರು ಒಡೆಯರು.

"ಅಷ್ಟೊತ್ತಿಗೆ ಸೀಟು ಹೋಗ್ತೈತೆ ಒಡೇರೆ," ಎಂದಳು ದೀಪಶ್ರೀಯ ಅವ್ವ ಗುತ್ಯಮ್ಮ.

"ಹೋಗ್ಲಿ ಬಿಡೆ. ನಾಳೆ ನಿನ್ ಮಗ್ಳು ನಾಡಿ ಹಿಡಿಯಕ್ ಬಂದ್ರೆ ನಾನ್ ಕೈ ಕೊಡ್ಬೇಕಾ?"

ಕಾಂತರಾಜ್ ನಕ್ಕ.

ದೀಪಶ್ರೀ ಎದ್ದಳು. ಸುಲಿಯುವವರು ಯಾರೂ ತುಳಿಯದ ಜಗಲಿ ಹತ್ತಿ, ಅವನ ಮುಂದಿದ್ದ ಕಾಗದ ಎತ್ತಿಕೊಂಡು ಓದಿದಳು.

"ನೆರೆಹೊರೆಯವರ ಸಾಕ್ಷಿ ಅಂತೈತೆ ಸಾರ್. ಒಡೇರ ಮನೆ ನಮ್ಮನೆಯಿಂದ ಒಂದ್ ಮೈಲಿ. ನಮ್ ನೆರೆಯೋರು ಅಲ್ಲಿ ಕೂತಾರೆ ನೋಡಿ."

"ಅವ್ರಿಗೆಲ್ಲಿ ಸೈ ಬರ್ತದೆ? ಹೆಬ್ಬೆಟ್ಟಿಗೆ ನಾನು ಇಂಕ್ ಪ್ಯಾಡ್ ತಂದಿಲ್ಲ."

ದುಗ್ಗಮ್ಮ ಸೊಂಟ ಹಿಡಿದುಕೊಂಡು ಎದ್ದಳು. ಅವಳ ಮನೆಗೂ ಗುತ್ಯಮ್ಮನ ಮನೆಗೂ ನಡುವೆ ಒಂದೇ ಗೋಡೆ. ಅಡಿಕೆ ಬೇಯಿಸುವ ಹಂಡೆಯ ಪಕ್ಕದ ಬಕೆಟ್ಟಿನಲ್ಲಿ ಚೊಗರಿತ್ತು, ಕುದಿದು ಕುದಿದು ಹೆಪ್ಪುಗಟ್ಟಿದ ರಕ್ತದಂತಾದ ಅಡಿಕೆಯ ರಸ. ಬಟ್ಟೆಗೆ ಬಿದ್ದರೆ ಬಟ್ಟೆ ಹರಿದರೂ ಅದರ ಕಲೆ ಹೋಗದು. ಹೆಬ್ಬೆರಳು ಅದ್ದಿಕೊಂಡು ಬಂದು ಕಾಗದಕ್ಕೆ ಒತ್ತಿದಳು. ಅವಳ ಹಿಂದೆ ಕುಮುದಾ ಬಂದಳು. ಆಮೇಲೆ ಉಳಿದವರು. ಒಂಬತ್ತು ಹೆಬ್ಬೆಟ್ಟಿಗೆ ಕಾಗದದಲ್ಲಿ ಜಾಗ ಸಾಲದೆ ಅದರ ಬೆನ್ನಿಗೂ ಒತ್ತಿದರು.

"ಏ ಮುಂಡೇರಾ, ನಾಳೆಯಿಂದ ಒಬ್ಳೂ ಈ ಅಂಗಳಕ್ಕೆ ಕಾಲಿಡಂಗಿಲ್ಲ."

"ನಾಳೆ ಯಾಕೆ ಒಡೇರೆ, ಇವತ್ತೇ ಎದ್ವಲ್ಲ," ಎಂದಳು ದುಗ್ಗಮ್ಮ. "ಕಾಯಿ ಬಾಡ್ತಾವೆ, ನೀವೇ ಕೂತ್ ಸುಲೀರಿ. ನಾತ ಬಂದ್ರೆ ಮೂಗ್ ಮುಚ್ಕಳಿ."

ಮೆಟ್ಟುಗತ್ತಿಗಳು ಅವರವರ ಸ್ವಂತದವು. ಮಣೆ ಸಮೇತ ಕಂಕುಳಿಗೇರಿದವು.

ಕಾಂತರಾಜ್ ಫೈಲು ಮುಚ್ಚಿ ತನ್ನ ಬೈಕಿನತ್ತ ನೋಡಿದ. ಅದರ ಸುತ್ತ ಹೆಂಗಸರು ಆಗಲೇ ನಿಂತಿದ್ದರು. ಅಲಗುಗಳಿಗೆ ಹಸಿ ಸಿಪ್ಪೆ ಇನ್ನೂ ಅಂಟಿತ್ತು.

ದೀಪಶ್ರೀ ಕಾಗದವನ್ನು ಫೈಲಿನ ಮೇಲೆ ಹರವಿ, ಅವನ ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗಿಟ್ಟಳು.

"ಈಗ ನಿಮ್ದು ಸಾರ್. ತೀರ್ಥಹಳ್ಳಿ ತಾಲ್ಲೂಕಾಫೀಸಿಗೆ ಹೋಗೋ ಬಸ್ಸಿಗೆ ಇನ್ನೂ ಇಪ್ಪತ್ ನಿಮಿಷ ಐತೆ. ಕಾಯ್ತೀವಿ."