ಜೂನ್ ಒಂದರ ಇಬ್ಬರು ಬೂದೆಮ್ಮರು

ಬೆಳಿಗ್ಗೆ ಹನ್ನೊಂದು ಗಂಟೆ. ಜನ್ಮದಲ್ಲಿ ಸಾಲ ಮಾಡದ ಬೂದೆಮ್ಮ ಸಾಲ ಮುಳುಗಿಸಿದವಳಾಗಿದ್ದಳು.

ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೆ ಆಯ್ಕೆಯಾಗಿದ್ದ ಅವಳು, ದೇವದುರ್ಗದಿಂದ ಬರುವ ಮೊದಲ ಬಸ್ಸನ್ನು ಗಬ್ಬೂರಿನಲ್ಲಿ ಹತ್ತಿ ರಾಯಚೂರಿಗೆ ಬಂದಿದ್ದಳು. ಸೋಮವಾರ ಹಾಜರಾಗಬೇಕು, ಕ್ರೆಡಿಟ್ ವರದಿ ತರಬೇಕು. ಬಾಕಿ ಉಳಿಸಿಕೊಂಡವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಆದೇಶದಲ್ಲೇ ಇತ್ತು.

"ಮಾನ್ವಿ ಫೈನಾನ್ಸಿನಾಗ ಸಾಲ ತಗೊಂಡೀಯಲ್ಲಬೇ," ಎಂದ ಕಂಪ್ಯೂಟರ್ ಅಂಗಡಿಯ ಮಲಂಗಸಾಬ, ಪರದೆಯಿಂದ ಕಣ್ಣು ತೆಗೆಯದೆ. "ಕಟ್ಟಿಲ್ಲಂತ ಬರದಾರ."

"ನಾ ಎಲ್ಲಿ ತಗೊಂಡೀನ್ರೀ?"

"ಹೆಸರು ನಿಂದು, ಮನಿ ನಿಂದು, ಹುಟ್ಟಿದ ದಿನ ನಿಂದು. ಮತ್ತ ದೆವ್ವ ತಗೊಂಡದೇನು?"

ಅವಳು ಬಾಗಿ ಪರದೆಯ ಮೇಲಿನ ತಾರೀಖು ನೋಡಿದಳು. ಜೂನ್ ಒಂದು ಅವಳು ಹುಟ್ಟಿದ ದಿನವಲ್ಲ; ಶಾಲೆಗೆ ಹಾಕಿದಾಗ ಮಾಸ್ತರರು ತಾವೇ ಬರೆದದ್ದು. ಅದೇ ಬೆಳಿಗ್ಗೆ ಅವಳ ದೊಡ್ಡಪ್ಪನ ಮಗಳಿಗೂ ಅದೇ ತಾರೀಖು, ಅದೇ ಇಸವಿ ಬರೆದಿದ್ದರು. ಸತ್ತ ಅಜ್ಜಿಯ ಹೆಸರು ಉಳಿಯಲೆಂದು ಅಣ್ಣತಮ್ಮಂದಿರಿಬ್ಬರೂ ಮೊದಲ ಮಗಳಿಗೆ ಬೂದೆಮ್ಮ ಎಂದೇ ಇಟ್ಟಿದ್ದರು. ಒಂದೇ ಮನೆಯಲ್ಲಿ ಅವಳನ್ನು ದೊಡ್ಡಾಕಿ, ಇವಳನ್ನು ಸಣ್ಣಾಕಿ ಎಂದು ಕರೆದರೆ ಸಾಕಿತ್ತು. ಕಂಪ್ಯೂಟರಿಗೆ ಇಬ್ಬರೂ ಒಬ್ಬಳೇ.

"ಆಕಿ ಆಧಾರ್ ಕಾರ್ಡ್ ತಗೊಂಡು ಬಾ," ಎಂದ ಎಲ್ಲ ಕೇಳಿದ ಮಲಂಗಸಾಬ. "ಇಬ್ಬರದೀರಿ ಅಂತ ತೋರಿಸಿ ತಕರಾರು ಹಾಕೂಣು."

ದೊಡ್ಡಾಕಿಯನ್ನು ಚೀಕಲಪರ್ವಿಗೆ ಕೊಟ್ಟಿದ್ದರು. ಸಣ್ಣಾಕಿ ಮಾನ್ವಿಯಲ್ಲಿ ಬಸ್ಸು ಬದಲಿಸಿ ಅಲ್ಲಿ ಇಳಿದಾಗ ಹಾಡುಹಗಲೇ ಅಕ್ಕನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

"ಯಾರು?"

"ನಾನಬೇ, ಸಣ್ಣಾಕಿ."

ಬಾಗಿಲು ಗೇಣಷ್ಟು ತೆರೆದು, ಅವಳು ಒಳಸೇರುತ್ತಲೇ ಮುಚ್ಚಿತು. ವಿಷಯ ಕೇಳಿದ ದೊಡ್ಡಾಕಿ ನೆಲಕ್ಕೆ ಕುಳಿತಳು.

"ಸಾಲ ತಗೊಳ್ಳುವಾಗ ತವರುಮನಿ ವಿಳಾಸದ ಹಳೀ ಕಾರ್ಡ್ ಕೊಟ್ಟಿದ್ದೆ. ಅದಕ್ಕಽ ಇಲ್ಲಿಗೆ ಬಂದಿಲ್ಲ ಫೈನಾನ್ಸಿನವ್ರು."

"ಹಂಗಾರ ನನ್ನ ಹುಡುಕಾಕತ್ತಾರೇನು?"

"ಈ ಊರಿನ ವಿಳಾಸದ ಹೊಸ ಕಾರ್ಡ್ ಕೊಟ್ರ ನನ್ನ ಮನಿ ಸಿಗತದ. ಬಾಜೂ ಓಣ್ಯಾಗಿನ ಮುನವ್ವರ್ ಬೀ ಮನಿ ಮುಂದ ದಿನಾ ಬಂದು ಕುಂತು, ಹೆಸರು ಹಿಡಿದು ಒದರಿದ್ರು. ಆಕಿ ಊರಽ ಬಿಟ್ಟಳು."

"ಕೊಡದಿದ್ರ ನನ್ನ ನೌಕರಿ ಹೋಗತದ."

ಹೊರಗೆ ಮೋಟಾರ್ ಸೈಕಲ್ ಸದ್ದು. ದೊಡ್ಡಾಕಿ ಅವಳ ಮಣಿಕಟ್ಟು ಹಿಡಿದಳು, ಉಗುರು ಚುಚ್ಚಿತು. ಗಾಡಿ ಬಾಗಿಲ ಮುಂದೆ ನಿಧಾನವಾಯಿತು. ಯಾರೋ ನಕ್ಕರು. ಆಮೇಲೆ ಹೊಳೆಯ ಕಡೆ ಹೋಯಿತು.

ದೊಡ್ಡಾಕಿ ಎದ್ದು ಟ್ರಂಕಿನಿಂದ ಕಾರ್ಡ್ ತೆಗೆದಳು. ಕೈಗೆ ಕೊಟ್ಟರೂ ತುದಿ ಬಿಡಲಿಲ್ಲ.

"ಇದನ್ನ ಫೈನಾನ್ಸಿನವ್ರಿಗೆ ತೋರಸಂಗಿಲ್ಲ ಹೌದಿಲ್ಲೋ?"

ಕಾರ್ಡಿನ ಸಮೇತ ತಕರಾರು ಮೊದಲು ಹೋಗುವುದೇ ಅವರ ಬಳಿಗೆ ಎಂದು ಮಲಂಗಸಾಬ ಹೇಳಿದ್ದ.

"ತೋರಸಂಗಿಲ್ಲ," ಎಂದಳು ಸಣ್ಣಾಕಿ.

ಮರುದಿನ ತಕರಾರು ದಾಖಲಾಯಿತು. ಅದರ ರಸೀದಿ ನೋಡಿ ಬ್ಯಾಂಕಿನವರು ಸೋಮವಾರ ಅವಳನ್ನು ಸೇರಿಸಿಕೊಂಡರು. ಮುಂದಿನ ವಾರ ಫೈನಾನ್ಸಿನ ಇಬ್ಬರು ಚೀಕಲಪರ್ವಿಗೆ ಹೋಗಿ ದೊಡ್ಡಾಕಿಯ ಬಾಗಿಲು ಬಡಿದರು.